ಕವಲೇದುರ್ಗ: ಕೋಟೆಗಿಂತ ಆಟೋ ದುಬಾರಿ

ಉಡುಪಿಯಿಂದ ಮಲೆನಾಡಿನ ಕವಲೇದುರ್ಗ ಕೋಟೆಗೆ ಬಸ್ಸಿನಲ್ಲೇ ಹೋಗಿಬರಬಹುದಾ ಎಂದು ಕೇಳುವವರಿಗೆ: ತೀರ್ಥಹಳ್ಳಿಯವರೆಗೆ ಧಾರಾಳವಾಗಿ ಹೋಗಬಹುದು. ಅಲ್ಲಿಂದ ಮುಂದಿನ ಸುಮಾರು 18 ಕಿಲೋಮೀಟರೇ ತಲೆನೋವು. ದುರ್ಗದ ಕಡೆಗೆ ಬಸ್ಸು ಕಡಿಮೆ. ಅದು ಗೊತ್ತಿರುವುದರಿಂದಲೇ ಸ್ಟ್ಯಾಂಡಿನ ಆಟೋದವರು ನಿಮ್ಮ ಬೆನ್ನಿನ ಬ್ಯಾಗು ನೋಡಿಯೇ ರೇಟು ಹೇಳುತ್ತಾರೆ.

ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ, ಹತ್ತುವುದೆಲ್ಲ ಮಿನಿ ಬಸ್. ಹೆಬ್ರಿಯಲ್ಲಿ ಹತ್ತಿ ಸೀಟು ಹುಡುಕುವ ಆಸೆ ಬೇಡ, ಉಡುಪಿಯಲ್ಲೇ ಕೂತುಬಿಡಿ. ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವು. ನಿಂತವರು ಪ್ರತಿ ತಿರುವಿಗೂ ಕೂತವರ ಮಡಿಲಿಗೇ ಬರುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಬಂದಾಗುವುದುಂಟು, ಆಗ ಹುಲಿಕಲ್ ಘಾಟಿಯ ಸುತ್ತು ದಾರಿಯೇ ಗತಿ.

ತೀರ್ಥಹಳ್ಳಿಯಲ್ಲಿ ಹೋಗಿಬರಲು 1,200 ರೂಪಾಯಿಗೆ ಒಪ್ಪಿಸಿಯೇ ಆಟೋ ಹತ್ತಿದ್ದೆವು. ಕೋಟೆ ನೋಡಿ ಇಳಿದು ಬಂದಾಗ "ವೇಟಿಂಗ್ ಬೇರೆ ಅಲ್ವಾ ಸಾರ್, 1,700 ಆಗ್ತದೆ" ಎಂಬ ಮಾತು. ಭಾವನಿಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾರಾಯ್ರೆ, ಹೊರಡುವಾಗ ವೇಟಿಂಗ್ ಸೇರಿ ಅಂತ ನೀವೇ ಹೇಳಿದ್ದಲ್ವಾ?" ಎಂದರೆ ಆ ಮನುಷ್ಯ ಗದ್ದೆ ಕಡೆ ನೋಡುತ್ತಾ ನಿಂತ. ಸುತ್ತ ಬೇರೆ ಗಾಡಿಯೇ ಇಲ್ಲ, ಹಸಿವು ಬೇರೆ. 1,500ಕ್ಕೆ ಮುಗಿಯಿತು. ನಾಲ್ಕು ಜನ ಇದ್ದರೆ ಉಡುಪಿಯಿಂದಲೇ ಕಾರು ಮಾಡಿಕೊಂಡು ಹೋಗುವುದು ಲೇಸು. ಇಬ್ಬರೇ ಆದರೆ ಬೈಕು. ಆಟೋ ಆದರೆ ಹೋಗುವ ಬಾಡಿಗೆ ಮಾತ್ರ ಮಾತಾಡಿ, ಫೋನ್ ನಂಬರ್ ತಗೊಳ್ಳಿ, ವಾಪಸ್ ಬರುವುದಕ್ಕೆ ಬೇರೆಯವರನ್ನೂ ಕೇಳುತ್ತೇವೆ ಎಂದು ಅಲ್ಲೇ ಹೇಳಿಬಿಡಿ.

ಇಷ್ಟೆಲ್ಲ ಬೈದ ಮೇಲೂ ಹೋಗಿ ಎಂದೇ ಹೇಳುತ್ತೇನೆ. ಮೊದಲು ಗದ್ದೆಯಂಚಿನ ದಾರಿ, ಆಮೇಲೆ ಕಲ್ಲು ಹಾಸಿದ ಏರು. ಹಾಸುಗಲ್ಲು ಒಂದೊಂದೂ ಒಂದೊಂದು ಎತ್ತರ, ಪಾಚಿ ಕಟ್ಟಿದ ಕಡೆ ಚಪ್ಪಲಿ ಜಾರುತ್ತದೆ, ಶೂ ಹಾಕಿ. ಗುಡ್ಡದ ಮೈ ಹೇಗೆ ತಿರುಗುತ್ತದೋ ಹಾಗೆಯೇ ಗೋಡೆಯೂ ತಿರುಗುತ್ತದೆ, ಒಂದರೊಳಗೆ ಒಂದರಂತೆ ಮೂರು ಸುತ್ತು. ಒಂದು ಬಾಗಿಲು ದಾಟಿ ಮುಗಿಯಿತು ಎಂದುಕೊಂಡರೆ ಇನ್ನೊಂದು. ಬಾಗಿಲ ಪಕ್ಕ ಕಾವಲಿನವರ ಕೋಣೆಗಳಿವೆ, ಅಲ್ಲಿ ಸ್ವಲ್ಪ ಕೂರಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಆ ಕಲ್ಲು ತಣ್ಣಗೆ.

ಒಳಗೆ ಹೋದ ಮೇಲೆ ಹೆಚ್ಚಿನವರು ವ್ಯೂ ಪಾಯಿಂಟ್ ಹುಡುಕಿಕೊಂಡು ನೇರ ಮೇಲಕ್ಕೆ ಓಡುತ್ತಾರೆ. ಇದು ಬರೀ ಕೋಟೆಯಲ್ಲ, ಜನ ಬಾಳಿದ ಊರು. ಹಳೆಯ ಹೆಸರು ಭುವನಗಿರಿ ದುರ್ಗ. ವೆಂಕಟಪ್ಪ ನಾಯಕನ ಕಾಲದಲ್ಲಿ ಕೆಳದಿಯ ಅರಸರು ಇದನ್ನು ಗಟ್ಟಿ ಮಾಡಿಕೊಂಡರು. ನಮ್ಮ ಬಾರ್ಕೂರು, ಬಸ್ರೂರಿನ ಮೇಲೂ ಅವರದ್ದೇ ಆಳ್ವಿಕೆ. 1665ರಲ್ಲಿ ಶಿವಾಜಿ ಬಸ್ರೂರಿನ ಮೇಲೆ ಬಂದಾಗಲೂ ಅದು ಕೆಳದಿಯ ಬಂದರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ ಮೇಲೆ ಆ ವೈಭವವೆಲ್ಲ ಮುಗಿಯಿತು. ಅರಮನೆಯ ಜಾಗದಲ್ಲಿ ಈಗ ಉಳಿದಿರುವುದು ಜಗಲಿ, ಕಂಬದ ಬುಡದ ಕಲ್ಲು, ಕೊಳ, ಅಡುಗೆಮನೆಯ ಕಲ್ಲಿನ ಒಲೆ, ಬಚ್ಚಲಿನ ನೀರು ಹೋಗುವ ಕಾಲುವೆ. ನನಗೆ ಹಿಡಿಸಿದ್ದು ಆ ಒಲೆ, ಆ ಬಚ್ಚಲು. ಅರಸರ ಕಥೆ ಎಲ್ಲ ಕಡೆ ಸಿಗುತ್ತದೆ, ನೀರು ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂದು ಹೀಗೆ ಕಾಣಸಿಗುವುದು ಅಪರೂಪ.

ಕಾಶಿ ವಿಶ್ವನಾಥ ದೇವಸ್ಥಾನದ ಎದುರು ಎರಡು ಎತ್ತರದ ಕಂಬಗಳಿವೆ. ಅಲ್ಲೊಂದು ಹುಡುಗರ ದಂಡು ಸ್ಪೀಕರ್ ಹಚ್ಚಿ ರೀಲ್ಸ್ ಮಾಡುತ್ತಿತ್ತು. ಭಾನುವಾರ ಹೋದರೆ ಇದೇ ಹಣೆಬರಹ; ಕೆಲಸಕ್ಕೆ ಒಂದು ದಿನ ರಜೆ ಹಾಕಿಯಾದರೂ ವಾರದ ನಡುವೆ ಹೋಗಿ. ತುದಿಯ ಶಿಖರೇಶ್ವರ ಗುಡಿಯ ಹತ್ತಿರ ನಿಂತರೆ ವಾರಾಹಿಯ ಹಿನ್ನೀರು ಕಾಣುತ್ತದೆ. ಗಾಳಿ ಜೋರು, ಮಕ್ಕಳ ಕೈ ಬಿಡಬೇಡಿ. ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ. ಮಳೆಗಾಲವಾದರೆ ಉಂಬಳಕ್ಕೆ (ಜಿಗಣೆ) ಸುಣ್ಣ ಅಥವಾ ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ.

ಊಟದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ತೀರ್ಥಹಳ್ಳಿ ಪೇಟೆಯಲ್ಲಿ ಬೋರ್ಡೂ ಸರಿಯಾಗಿ ಕಾಣದ ಒಂದು ಹೋಟೆಲು, ನಾಲ್ಕೇ ಮೇಜು. ಒಳಗೆ ಅಕ್ಕ ಕೈಯಲ್ಲೇ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಕಾವಲಿಯಿಂದ ಎತ್ತಿ ಕೆಂಡದ ಮೇಲೆ ಇಟ್ಟರೆ ಪೂರಿಯಂತೆ ಉಬ್ಬಿ, ತಟ್ಟೆಗೆ ಬೀಳುವಾಗ ಉಸ್ಸೆಂದು ಹಬೆ ಬಿಡುತ್ತಿತ್ತು. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಕಾಯಿ ಚಟ್ನಿ, ತಟ್ಟೆಯ ಮೂಲೆಗೆ ಒಂದು ಅಪ್ಪೆಮಿಡಿ ಉಪ್ಪಿನಕಾಯಿ. ಆ ಮಿಡಿಯನ್ನು ಕಚ್ಚಿದರೆ ಬಾಯಿ ತುಂಬ ಸೊನೆಯ ಪರಿಮಳ. ಭಾವ ಬೇಡ ಬೇಡ ಎನ್ನುತ್ತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಂಡ, "ಗುಡ್ಡ ಹತ್ತಿ ಬಂದಿದ್ದೀರಿ, ತಿನ್ನಿ" ಎಂದು ಅಕ್ಕ ಚಟ್ನಿಯನ್ನೂ ಮತ್ತೆ ಬಡಿಸಿದರು. ಕೊನೆಗೆ ಲೋಟದ ತುಂಬ ಮಜ್ಜಿಗೆ. ಇಬ್ಬರಿಗೂ ಸೇರಿ 130 ರೂಪಾಯಿ.

ರಾತ್ರಿ ಉಳಿದ ರೂಮಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ: ಫೋಟೋದಲ್ಲಿದ್ದ ಕಾಡು ಕಿಟಕಿಯಲ್ಲಿರಲಿಲ್ಲ, ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ, ಬಾಡಿಗೆ 2,000. ಮರುದಿನ ನಗರ ಎಂಬ ಊರಿನ (ಅದೇ ಹಳೆಯ ಬಿದನೂರು) ಕೋಟೆಗೆ ಹೋಗಿದ್ದೆವು, ಅದರ ಕಥೆ ಇನ್ನೊಮ್ಮೆ. ಬೆಳಿಗ್ಗೆ ಬೇಗ ಹೊರಟರೆ ದುರ್ಗ ಒಂದನ್ನು ನೋಡಿಕೊಂಡು ಸಂಜೆಗೆ ವಾಪಸ್ಸಾಗಬಹುದು, ರೂಮಿನ ದುಡ್ಡು ಉಳಿಯುತ್ತದೆ. ಉಡುಪಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ತೀರ್ಥಹಳ್ಳಿಯಲ್ಲಿ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಆಟೋದವರನ್ನು ಕೇಳಿದರೆ ಕೊನೆಯ ಬಸ್ಸು ಯಾವಾಗಲೂ ಹೋಗಿಯೇ ಆಗಿರುತ್ತದೆ.