ನೋಡುವವರು ಕುಣಿತಕ್ಕೆ ಇಳಿಯುವ ಗಳಿಗೆ

ಕಳೆದ ಚುನಾವಣೆಗೆ ಮುಂಚೆ ಬಾಗಲಕೋಟೆ ನವನಗರದ ಬಸ್ ನಿಲ್ದಾಣದಲ್ಲಿ ನಾನು ಹುನಗುಂದದ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದಲ್ಲೇ ನಿಂತಿದ್ದ ಹುಡುಗಿಯೊಬ್ಬಳು ಚೀಲವನ್ನು ನೆಲಕ್ಕಿಟ್ಟು ಒಬ್ಬಳೇ ಕುಣಿಯತೊಡಗಿದಳು. ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಟಿಕೆಟ್ ವಿಚಾರಿಸುತ್ತಿದ್ದ ಇಬ್ಬರು ಬಂದು ಸೇರಿದರು, ನೋಡನೋಡುತ್ತಿದ್ದಂತೆ ಇಪ್ಪತ್ತು ಮಂದಿಯಾದರು. ಅದು ಮತದಾನದ ಜಾಗೃತಿಗಾಗಿ ಕಾಲೇಜು ವಿದ್ಯಾರ್ಥಿಗಳು ಮಾಡಿದ ಫ್ಲ್ಯಾಶ್ ಮಾಬ್ ಆಗಿತ್ತು, ಅಂದರೆ ಮೊದಲೇ ಮಾತಾಡಿಕೊಂಡವರು ಸಾರ್ವಜನಿಕ ಸ್ಥಳದಲ್ಲಿ ದಿಢೀರನೆ ಸೇರಿ, ಏನಾದರೂ ಮಾಡಿ ಚದುರುವ ಆಟ.

ಆ ಮೊದಲ ಅರ್ಧ ನಿಮಿಷ ನನಗೆ ಇಂದಿಗೂ ಅತ್ಯಂತ ಪ್ರಿಯವಾದುದು, ಏಕೆಂದರೆ ಅಷ್ಟು ಹೊತ್ತು ಕಲಾವಿದರು ಯಾರು, ಪ್ರಯಾಣಿಕರು ಯಾರು ಎಂಬ ಗೆರೆಯೇ ಇರಲಿಲ್ಲ. ಇಪ್ಪತ್ತು ಮಂದಿ ಸಾಲುಗಟ್ಟಿದ ಕೂಡಲೇ ಆ ಗೆರೆ ಮೂಡಿತು. ಜನ ದುಂಡಗೆ ಸುತ್ತುಗಟ್ಟಿ ಮೊಬೈಲ್ ಎತ್ತಿ ಹಿಡಿದರು. ಕೊನೆಗೆ ವಿದ್ಯಾರ್ಥಿಗಳು ಕೈಬೀಸಿ ಕರೆದರೂ ಶೇಂಗಾ ಮಾರುವ ಹುಡುಗನೊಬ್ಬನ ಹೊರತು ಯಾರೂ ಮುಂದೆ ಬರಲಿಲ್ಲ. ಆದರೆ ನನ್ನ ಎದುರಿನ ಬೆಂಚಿನಲ್ಲಿ ಕುಳಿತಿದ್ದ ಅಜ್ಜಿಯ ಪಾದ, ಇಳಕಲ್ ಸೀರೆಯ ಅಂಚಿನಡಿ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಬರುವ ಮನಸ್ಸು ಇತ್ತು, ಬರುವ ದಾರಿ ಇರಲಿಲ್ಲ.

2003ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕಾ ಸಂಪಾದಕ ಬಿಲ್ ವಾಸಿಕ್ ಈ ಪ್ರಯೋಗ ಆರಂಭಿಸಿದಾಗ ಅದರಲ್ಲಿ ಕುಣಿತವಿರಲಿಲ್ಲ. ಮೇಸಿಸ್ ಮಳಿಗೆಯಲ್ಲಿ ನೂರಕ್ಕೂ ಹೆಚ್ಚು ಜನ ಒಂದು ರತ್ನಗಂಬಳಿಯ ಸುತ್ತ ನೆರೆದು, ಸ್ವಲ್ಪ ಹೊತ್ತಿನಲ್ಲಿ ಚದುರಿ ಹೋಗಿದ್ದರು. ನೃತ್ಯ ಆಮೇಲೆ ಸೇರಿಕೊಂಡಿತು. 2009ರಲ್ಲಿ ಬೆಲ್ಜಿಯಂನ ಆಂಟ್ವರ್ಪ್ ರೈಲು ನಿಲ್ದಾಣದಲ್ಲಿ ಮತ್ತು 2011ರ ನವೆಂಬರಿನಲ್ಲಿ ಮುಂಬೈನ ರೈಲು ನಿಲ್ದಾಣವಾದ ಸಿಎಸ್‌ಟಿಯಲ್ಲಿ ಸುಮಾರು 200 ಮಂದಿ ಕುಣಿದ ವಿಡಿಯೊಗಳು ನಮ್ಮ ಕಾಲೇಜುಗಳವರೆಗೂ ತಲುಪಿದವು. ವಿಡಿಯೊ ನೋಡಿ ಕಲಿತವರು ವಿಡಿಯೊಗಾಗಿಯೇ ಕುಣಿಯುವುದು ಸಹಜ, ಆದರೆ ಎದುರಿಗೆ ನಿಂತ ಜನ ಅಲ್ಲಿ ಹಿನ್ನೆಲೆಯಾಗಿ ಉಳಿದುಬಿಡುತ್ತಾರೆ ಎಂಬುದೇ ನನ್ನ ಬೇಸರ.

ನಮ್ಮೂರ ಹೋಳಿಯಲ್ಲಿ ಹೀಗಾಗುವುದಿಲ್ಲ. ಓಣಿ ಓಣಿಯಿಂದ ಹಲಗೆ ಎಂಬ ಚರ್ಮವಾದ್ಯ ಬಾರಿಸುವ ಹಲಗೆಯವರು ಬರುತ್ತಾರೆ, ಬಣ್ಣದ ಬ್ಯಾರೆಲ್ ಹೊತ್ತ ಬಂಡಿಗಳು ಸಾಗುತ್ತವೆ, ಕಟ್ಟೆಯ ಮೇಲೆ ಕುಳಿತವನು ಯಾವಾಗ ಎದ್ದು ಮೇಳದೊಳಗೆ ಸೇರಿದ ಎಂಬುದು ಅವನಿಗೂ ಗೊತ್ತಾಗುವುದಿಲ್ಲ. ಹಲಗೆಯ ಪೆಟ್ಟು ಒಂದೇ ಗತ್ತಿನಲ್ಲಿ, ಅಂದರೆ ಒಂದೇ ಲಯದಲ್ಲಿ, ಬಹಳ ಹೊತ್ತು ನಡೆಯುವುದರಿಂದ ಹೆಜ್ಜೆ ಕಲಿಯಲು ಸಮಯ ಸಿಗುತ್ತದೆ. ಮೇಳ ಮುಂದೆ ಸಾಗುತ್ತಿರುವುದರಿಂದ ದುಂಡು ಮುಚ್ಚಿಕೊಳ್ಳುವುದಿಲ್ಲ. ಸ್ಪೀಕರಿನ ಹಾಡು ಯಾರಿಗಾಗಿಯೂ ನಿಲ್ಲುವುದಿಲ್ಲ, ಹಲಗೆಯವನಾದರೋ ಹೊಸಬನ ಕಾಲು ನೋಡಿ ಗತ್ತು ಇಳಿಸುತ್ತಾನೆ.

ಅಂದು ಬಸ್ ನಿಲ್ದಾಣದ ಕಾರ್ಯಕ್ರಮ ಮುಗಿದ ಮೇಲೆ, ಮೊದಲು ಕುಣಿದ ಆ ಹುಡುಗಿಗೆ ನಾನು ಇದನ್ನೇ ಹೇಳಿದೆ: ಕೊನೆಯ ಎರಡು ನಿಮಿಷ ನಾಲ್ಕೇ ಹೆಜ್ಜೆ ಇರಲಿ, ನಿಮ್ಮಲ್ಲಿ ಅರ್ಧ ಜನ ಗುಂಪಿನೊಳಗೇ ಉಳಿದು ಪಕ್ಕದವರ ಜೊತೆಗೂಡಿ ಕುಣಿಯಿರಿ, ಸ್ಪೀಕರ್ ಬಿಟ್ಟು ಇಬ್ಬರು ಹಲಗೆಯವರನ್ನು ಕರೆತನ್ನಿ. “ಹಲಗಿ ನಮ್ಮ ಕಾಕಾನೇ ಬಾರಸ್ತಾನ್ರೀ, ಕೇಳ್ತೀನಿ” ಎಂದಳು.