ಸ್ಟೌಟ್ ರುಚಿ ದಾಖಲೆ: ಕಹಿಯನ್ನು ಬಿಡಿಸಿ ನೋಡುವ ಕೆಲಸ ಎಲ್ಲಿಗೆ ಬಂತು

ಪರೀಕ್ಷೆಗೆ ಇಟ್ಟುಕೊಂಡಿರುವುದು ಒಂದು ಸಣ್ಣ ಬ್ರೂವರಿಯ (ಬಿಯರ್ ತಯಾರಿಸುವ ಜಾಗ) ಓಟ್‌ಮೀಲ್ ಸ್ಟೌಟ್, ಅಂದರೆ ಹುರಿದ ಧಾನ್ಯದ ಜೊತೆ ಓಟ್ಸ್ ಸೇರಿಸಿ ಮಾಡಿದ ಕಪ್ಪು ಬಿಯರ್. 330 ಮಿ.ಲೀ. ಕಂದು ಬಾಟಲಿ, ಆಲ್ಕೋಹಾಲ್ 5.6%, ಸೋಸಿಲ್ಲ, ಗ್ಯಾಸ್ ಬಾಟಲಿಯೊಳಗೇ ಹುಟ್ಟಿದ್ದು. ಎಲ್ಲ ಬಾಟಲಿಗಳೂ ಒಂದೇ ಬ್ಯಾಚಿನವು. ಬ್ಯಾಚ್ ಬೆರಕೆಯಾದರೆ ಮುಂದಿನ ಯಾವ ಹೋಲಿಕೆಗೂ ಅರ್ಥ ಇರುವುದಿಲ್ಲ.

ಸ್ಟೌಟ್ ಕುಡಿದವರು ಸಾಮಾನ್ಯವಾಗಿ ಹೇಳುವುದು "ಕಹಿ ಜಾಸ್ತಿ" ಎಂದು. ಆ ಒಂದು ಮಾತಿನೊಳಗೆ ಹಾಪ್ಸ್‌ನ (ಬಿಯರಿಗೆ ಹಾಕುವ ಕಹಿ ಹೂವು) ಕಹಿ, ಹುರಿದ ಧಾನ್ಯದ ಕಹಿ, ಒಗರು, ಹುಳಿ ನಾಲ್ಕೂ ಸೇರಿಕೊಂಡಿರಬಹುದು. ನಾಲ್ಕಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಈ ಬಾಟಲಿಯಲ್ಲಿ ಗಂಟಲಿಗೆ ತಾಗುವ ಒರಟುತನ ಯಾವುದರದ್ದು ಎಂದು ಪತ್ತೆ ಮಾಡುವುದೇ ಇಲ್ಲಿನ ಕೆಲಸ.

ನಾಲಿಗೆಗೆ ಅಳತೆಗೋಲು

ಬಿಯರ್ ತೆರೆಯುವ ಮೊದಲು ನಾಲ್ಕು ಮಾದರಿ ದ್ರವ ಮಾಡಿಟ್ಟುಕೊಳ್ಳಬೇಕು. ಹಾಪ್ಸ್‌ಗೆ 2 ಗ್ರಾಂ ಪೆಲೆಟ್ಟನ್ನು (ಹಾಪ್ಸ್ ಪುಡಿ ಒತ್ತಿ ಮಾಡಿದ ಗುಳಿಗೆ) ಅರ್ಧ ಲೀಟರ್ ನೀರಿನಲ್ಲಿ 30 ನಿಮಿಷ ಕುದಿಸಿ ಸೋಸುವುದು. ಸುಮ್ಮನೆ ನೆನೆಸಿದರೆ ಪರಿಮಳ ಬರುತ್ತದೆ, ಬೇಕಾದ ಕಹಿ ಬರುವುದಿಲ್ಲ. ಹಾಪ್ಸ್‌ನ ಆಲ್ಫಾ ಆಮ್ಲಗಳು ಕುದಿಯುವಾಗ ಐಸೋ-ಆಲ್ಫಾ ಆಮ್ಲಗಳಾಗಿ ಮಾರ್ಪಟ್ಟ ಮೇಲೇ ನೀರಿನಲ್ಲಿ ಚೆನ್ನಾಗಿ ಕರಗುವುದು. ಹುರಿದ ಕಹಿಗೆ 25 ಗ್ರಾಂ ಹುರಿದ ಬಾರ್ಲಿಯನ್ನು ತರಿಯಾಗಿ ಒಡೆದು, ಅರ್ಧ ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸುವುದು. ಬಿಸಿನೀರು ಹಾಕಿದರೆ ಒಗರೂ ಜೊತೆಗೆ ಬಂದು ಮಾದರಿ ಕೆಡುತ್ತದೆ. ಒಗರಿಗೆ 5 ಗ್ರಾಂ ಟೀ ಸೊಪ್ಪನ್ನು 200 ಮಿ.ಲೀ. ನೀರಿನಲ್ಲಿ 10 ನಿಮಿಷ ಕುದಿಸುವುದು. ಹುಳಿಗೆ ಲೀಟರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ. ನಾಲ್ಕನ್ನೂ 12 ಡಿಗ್ರಿಗೆ ತಂದು 30 ಮಿ.ಲೀ.ಯಂತೆ ಲೋಟಗಳಿಗೆ ಹಾಕುವುದು.

ಹಾಪ್ಸ್ ಕಹಿ ತಡವಾಗಿ ಏರುತ್ತದೆ, ನಾಲಿಗೆಯ ಹಿಂಬದಿಯಲ್ಲಿ ಕೂತು ಬೇಗ ಬಿಡುವುದಿಲ್ಲ. ಹುರಿದ ಕಹಿಯ ಅರ್ಧ ಪಾಲು ಮೂಗಿನದು. ಮೂಗು ಹಿಡಿದು ಗುಟುಕರಿಸಿದರೆ ಕಾಫಿ, ಚಾಕೊಲೇಟ್ ಗುಣ ಮಾಯವಾಗಿ ಮೊಂಡು ಕಹಿಯೊಂದೇ ಉಳಿಯುತ್ತದೆ. ಒಗರು ರುಚಿಯಲ್ಲ, ಸ್ಪರ್ಶ. ಧಾನ್ಯದ ಹೊಟ್ಟಿನಲ್ಲಿರುವ, ಒಗರು ಕೊಡುವ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡಾಗ ಬಾಯಿಯ ಜಾರುತನ ಹೋಗುತ್ತದೆ, ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ತರಿತರಿ ಅನಿಸುತ್ತದೆ. ಗುಟುಕಿನಿಂದ ಗುಟುಕಿಗೆ ಅದು ಹೆಚ್ಚುತ್ತಾ ಹೋಗುವುದೂ ಒಂದು ಗುರುತು.

ಹುಳಿ ಮತ್ತು ಕಹಿಯನ್ನು ಅದಲುಬದಲು ಮಾಡಿ ಹೇಳುವವರು ತುಂಬಾ ಜನ. ಇದಕ್ಕೆ ನಂಬಬಹುದಾದ ಒಂದೇ ಪ್ರಶ್ನೆ ಇದೆ: ನುಂಗಿ 10 ಸೆಕೆಂಡ್ ಆದ ಮೇಲೆ ಬಾಯಲ್ಲಿ ನೀರೂರಿತೇ, ಒಣಗಿತೇ? ನೀರೂರಿದರೆ ಹುಳಿ, ಒಣಗಿದರೆ ಒಗರು. ಎರಡೂ ಇಲ್ಲದೆ ಕಹಿ ಮಾತ್ರ ನಿಂತರೆ ಹಾಪ್ಸ್ ಅಥವಾ ಹುರಿದ ಧಾನ್ಯ.

ಬಾಟಲಿ, ಲೋಟ, ತಾಪಮಾನ

ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿಡಬೇಕು. ತಳದ ಯೀಸ್ಟ್ ಮಡ್ಡಿ ಗಟ್ಟಿಯಾಗಿ ಕೂರುತ್ತದೆ. ಬಗ್ಗಿಸಿದ ಬಾಟಲಿಯನ್ನು ನಡುವೆ ನೆಟ್ಟಗೆ ಮಾಡದೆ, ಎಲ್ಲ ಲೋಟಗಳಿಗೂ ಒಂದೇ ಓಟದಲ್ಲಿ ಸುರಿದು, ಕೊನೆಯ 15 ಮಿ.ಲೀ. ಬಿಟ್ಟುಬಿಡಬೇಕು. ಮಡ್ಡಿ ಬೆರೆತರೆ ಬ್ರೆಡ್ ಹಿಟ್ಟಿನಂಥ ಇನ್ನೊಂದು ಕಹಿ ಸೇರಿ ಲೆಕ್ಕವೆಲ್ಲ ತಪ್ಪುತ್ತದೆ. ಬಾಯಿ ಕಿರಿದಾದ ಟ್ಯೂಲಿಪ್ ಲೋಟ, ಒಂದೊಂದಕ್ಕೂ 90 ಮಿ.ಲೀ. ಲೋಟದ ಒಳಗೆ ಸೋಪಿನ ಅಥವಾ ಎಣ್ಣೆಯ ಜಿಡ್ಡು ಉಳಿದಿದ್ದರೆ ನೊರೆ ಕ್ಷಣದಲ್ಲಿ ಕುಸಿಯುತ್ತದೆ. ನೀರು ಹಾಕಿ ಬಗ್ಗಿಸಿದಾಗ ಗಾಜಿನ ಮೇಲೆ ಹನಿಹನಿಯಾಗಿ ಒಡೆಯದೆ ಪರದೆಯಂತೆ ಇಳಿದರೆ ಲೋಟ ಶುದ್ಧವಾಗಿದೆ ಎಂದರ್ಥ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನಿಂದ ಟಾರ್ಚ್ ಹಿಡಿದರೆ ಅಂಚಿನಲ್ಲಿ ಕಡುಗೆಂಪು, ನೊರೆ ತಿಳಿಗಂದು. ಅಷ್ಟು ಸಾಕು.

ತಾಪಮಾನ ಮಾತ್ರ ದೊಡ್ಡ ವಿಷಯ. 5 ಡಿಗ್ರಿಯಲ್ಲಿ ಈ ಬಿಯರ್ ಬೂದಿಯಂತೆ ಒಣ, ತೆಳು. ಚಳಿ ಸಿಹಿಯನ್ನೂ ಪರಿಮಳವನ್ನೂ ಅದುಮಿಡುವುದರಿಂದ ಒರಟುತನ ಒಂಟಿಯಾಗಿ ಎದ್ದು ನಿಲ್ಲುತ್ತದೆ. 9 ಡಿಗ್ರಿಗೆ ಕಾಫಿ ಪರಿಮಳ ಬಂತು. 12ರಿಂದ 13 ಡಿಗ್ರಿಯಲ್ಲಿ ಕಪ್ಪು ಚಾಕೊಲೇಟ್, ಒಣದ್ರಾಕ್ಷಿ, ಓಟ್ಸ್‌ನ ಬೀಟಾ-ಗ್ಲುಕಾನ್ ಎಂಬ ನಾರಿನಂಶ ಕೊಡುವ ರೇಷ್ಮೆಯಂಥ ಮೈ (ಬಾಯಿಗೆ ಸಿಗುವ ದಪ್ಪ) ಎಲ್ಲವೂ ಬಿಚ್ಚಿಕೊಂಡವು. ಅದ್ಭುತವಾದ ಮೈ ಇದು, ಓಟ್ಸ್ ಪ್ರಮಾಣವನ್ನು ಬ್ರೂವರ್ ಸರಿಯಾಗಿ ಹಿಡಿದಿದ್ದಾರೆ. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದು ಸ್ಟೌಟ್‌ಗೆ ಅಂಕ ಕೊಡುವುದು ಅನ್ಯಾಯ. ಆದರೂ 13 ಡಿಗ್ರಿಯಲ್ಲೂ ಗಂಟಲ ಬಳಿ ಒಂದು ಚುಚ್ಚು ಉಳಿಯಿತು. ನುಂಗಿದ ಮೇಲೆ ಬಾಯಲ್ಲಿ ನೀರೂರಿತು, ತೀರಾ ಕೊನೆಯಲ್ಲಿ ಸ್ವಲ್ಪ ಒಣಗಿತು. ಹಾಗಾಗಿ ಮೊದಲ ಅನುಮಾನ ಹುಳಿಯ ಮೇಲೆ.

ಸೋಡಾ ಪರೀಕ್ಷೆ

ಕಾರ್ಬನ್ ಡೈಆಕ್ಸೈಡ್ ತಾನೇ ಹುಳಿ ಮತ್ತು ಚುಚ್ಚು ತರುತ್ತದೆ, ಪಿಎಚ್ ಮೀಟರನ್ನೂ (ಹುಳಿ ಅಳೆಯುವ ಸಾಧನ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ದಾರಿ ತಪ್ಪಿಸುತ್ತದೆ. ಅದಕ್ಕೇ 100 ಮಿ.ಲೀ. ಬಿಯರನ್ನು ಎರಡು ಲೋಟಗಳ ನಡುವೆ ಹಲವು ಸಲ ಎತ್ತಿ ಸುರಿದು ಗ್ಯಾಸ್ ಬಿಡಿಸಬೇಕು. ಮೀಟರನ್ನು 7.0 ಮತ್ತು 4.0 ಬಫರ್‌ಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರವಗಳು) ಹೊಂದಿಸಿ ನೋಡಿದಾಗ ಪಿಎಚ್ 4.05. ಸ್ಟೌಟ್‌ಗೆ ಇದು ತಗ್ಗಿನ ಅಂಚು.

ಈಗ 1 ಗ್ರಾಂ ಅಡುಗೆ ಸೋಡಾವನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಆ ದ್ರವವನ್ನು 100 ಮಿ.ಲೀ. ಬಿಯರಿಗೆ ಸಿರಿಂಜಿನಲ್ಲಿ 1 ಮಿ.ಲೀ.ಯಂತೆ ಸೇರಿಸುತ್ತಾ ಹೋಗುವುದು. ಪ್ರತಿ ಮಿ.ಲೀ.ಗೆ ಪಿಎಚ್ ಸುಮಾರು 0.1 ಏರುತ್ತದೆ. ಸೋಡಾ ಇಲ್ಲದ ಲೋಟಕ್ಕೂ ಅಷ್ಟೇ ಬರಿ ನೀರು ಸೇರಿಸಬೇಕು, ಇಲ್ಲದಿದ್ದರೆ ತೆಳುವಾದ ಪರಿಣಾಮವನ್ನೇ ಸೋಡಾದ ಪರಿಣಾಮ ಎಂದುಕೊಳ್ಳುವ ಅಪಾಯ ಇದೆ. 4.25ರ ಹೊತ್ತಿಗೆ ಚುಚ್ಚು ಬಹುಪಾಲು ಇಳಿದು ಚಾಕೊಲೇಟ್ ಮುಂದೆ ಬಂತು. 4.5 ದಾಟಿದರೆ ಬಿಯರ್ ಸಪ್ಪೆ, ಸೋಪಿನ ಛಾಯೆ. ಅಲ್ಲಿಗೆ ನಿಲ್ಲಿಸಬೇಕು.

ಒರಟುತನದ ದೊಡ್ಡ ಪಾಲು ಹುಳಿಯದೇ ಎಂದಾಯಿತು. ಆದರೆ ಆ ಹುಳಿ ಬ್ರೂವರಿಯಲ್ಲೇ ಬಂದದ್ದೋ, ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಬಂದದ್ದೋ?

ಬೆಚ್ಚಗಿಟ್ಟ ಬಾಟಲಿಗಳು

ಅರ್ಧ ಬಾಟಲಿಗಳು 4 ಡಿಗ್ರಿಯಲ್ಲಿ, ಅರ್ಧ 30 ಡಿಗ್ರಿಯಲ್ಲಿ, ಒಂದು ತಿಂಗಳು. ಸೋಂಕಿದ್ದರೆ ಬೆಚ್ಚಗಿಟ್ಟವುಗಳಲ್ಲಿ ಪಿಎಚ್ ಇಳಿಯಬೇಕು, ಗ್ಯಾಸ್ ಹೆಚ್ಚಿ ಮುಚ್ಚಳ ತೆಗೆದೊಡನೆ ನೊರೆ ಉಕ್ಕಬೇಕು. ಎರಡೂ ಆಗಲಿಲ್ಲ, ಪಿಎಚ್ 4.05ರಲ್ಲೇ ನಿಂತಿತ್ತು.

ರುಚಿ ವ್ಯತ್ಯಾಸಕ್ಕೆ ತ್ರಿಕೋನ ಪರೀಕ್ಷೆ: ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಬೇರೆಯದ್ದನ್ನು ಗುರುತಿಸಬೇಕು. ಕಣ್ಮುಚ್ಚಿ ಹೇಳಿದರೂ ಮೂರರಲ್ಲೊಂದು ಸಲ ಸರಿ ಬರುವುದರಿಂದ 6 ಸುತ್ತಿನಲ್ಲಿ 5, ಅಥವಾ 12ರಲ್ಲಿ 8 ಸರಿಯಾದರೆ ಮಾತ್ರ ನಂಬಬಹುದು. ನೊರೆಯ ಎತ್ತರ ಗುಟ್ಟು ಬಿಟ್ಟುಕೊಡುತ್ತದೆ, ಅದು ಇಳಿಯುವವರೆಗೆ ಕಾಯಬೇಕು. ಒಂದು ಕೂಟಕ್ಕೆ ಎರಡು ಸುತ್ತು ಸಾಕು, ಕಹಿ ನಾಲಿಗೆಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ.

ಬೆಚ್ಚಗಿಟ್ಟದ್ದು ಸುಲಭವಾಗಿ ಸಿಕ್ಕಿಬಿತ್ತು. ಕಾಫಿ ಪರಿಮಳ ಅರ್ಧಕ್ಕಿಳಿದು ಜೇನಿನಂಥ ಸಿಹಿ ವಾಸನೆ, ಹಿಂದೆಯೇ ತೆಳುವಾಗಿ ಒದ್ದೆ ರಟ್ಟು. ಇದು ಆಮ್ಲಜನಕದ ಕೆಲಸ. ಓಟ್ಸ್‌ನಲ್ಲಿ ಕೊಬ್ಬಿನಂಶ ಬಾರ್ಲಿಗಿಂತ ಹೆಚ್ಚು, ಅದೂ ಇಂಥ ಹಳಸಿಗೆ ದಾರಿ ಮಾಡುತ್ತದೆ. ಇಂಥ ಸ್ಟೌಟನ್ನು ತಣ್ಣಗಿಟ್ಟು ಬೇಗ ಕುಡಿಯಬೇಕು. 10% ಮೇಲಿನ ಇಂಪೀರಿಯಲ್ ಸ್ಟೌಟ್‌ನಂತೆ ವರ್ಷಗಟ್ಟಲೆ ಇಡುವ ಸರಕು ಇದಲ್ಲ.

ಹುಳಿಯ ಮೂಲ

ಸೋಂಕು ಇಲ್ಲವೆಂದರೆ ಉಳಿಯುವುದು ಮ್ಯಾಶ್, ಅಂದರೆ ಒಡೆದ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸುವ ಹಂತ. ಕಪ್ಪು ಧಾನ್ಯ ತಾನೇ ಆಮ್ಲೀಯ. ನೀರಿನಲ್ಲಿ ಹುಳಿಯನ್ನು ತಗ್ಗಿಸುವ ಬೈಕಾರ್ಬನೇಟ್ ಕಡಿಮೆಯಿದ್ದರೆ ಮ್ಯಾಶ್ ಪಿಎಚ್ 5.2ರ ಕೆಳಗೆ ಜಾರಿ, ಆ ಹರಿತ ಕೊನೆಯವರೆಗೂ ಬರುತ್ತದೆ. ಡಬ್ಲಿನ್‌ನ ಬೈಕಾರ್ಬನೇಟ್ ತುಂಬಿದ ನೀರು ಕಪ್ಪು ಬಿಯರಿಗೆ ಒಗ್ಗಿದ್ದು ಇದೇ ಕಾರಣಕ್ಕೆ. ಮೆದು ನೀರಿನ ಬ್ರೂವರಿ ಮ್ಯಾಶಿಗೆ ಸೋಡಾ ಸೇರಿಸಿ 5.4ರಿಂದ 5.6ಕ್ಕೆ ತರಬಹುದು, ಇಲ್ಲವೇ ಕಪ್ಪು ಧಾನ್ಯವನ್ನು ಮ್ಯಾಶಿನ ಕೊನೆಯಲ್ಲಷ್ಟೇ ಸೇರಿಸಬಹುದು. ಎರಡನೆಯದು ನಮಗೆ ಹೆಚ್ಚು ಇಷ್ಟ. ಬಿಸಿಯಲ್ಲಿ ನೆನೆಯುವ ಹೊತ್ತು ಕಡಿಮೆಯಾಗಿ ಒಗರೂ ತಗ್ಗುತ್ತದೆ.

ಸೋಡಾ ಹಾಕಿದ ಲೋಟದಲ್ಲೂ ಆ ಕೊನೆಯ ಒಣಗುವಿಕೆ ಹಾಗೇ ಉಳಿದಿದೆ. ಮ್ಯಾಶ್ ಆದ ಧಾನ್ಯದಲ್ಲಿ ಉಳಿದ ಸಿಹಿಯನ್ನು 77 ಡಿಗ್ರಿ ಮೀರಿದ ನೀರಿನಲ್ಲಿ ತೊಳೆದು ತೆಗೆದಿದ್ದರೆ, ಹೊಟ್ಟು ಪುಡಿಯಾಗುವಷ್ಟು ನುಣ್ಣಗೆ ಒಡೆದಿದ್ದರೆ ಹೀಗಾಗುತ್ತದೆ. ಖಚಿತಪಡಿಸಿಕೊಳ್ಳಲು ಮುಂದಿನ ಹಂತ ಪಿವಿಪಿಪಿ ಎಂಬ, ಪಾಲಿಫಿನಾಲ್ ಹಿಡಿಯುವ ಪುಡಿ: ಲೀಟರಿಗೆ 0.5 ಗ್ರಾಂ, ಗ್ಯಾಸ್ ಬಿಡಿಸಿದ ಬಿಯರಿನಲ್ಲಿ ಕಲಕಿ, ಕೂರಲು ಬಿಟ್ಟು, ಸೋಸಿ, ಪುಡಿಯಿಲ್ಲದೆ ಹಾಗೆಯೇ ಸೋಸಿದ ಲೋಟದೊಂದಿಗೆ ಮತ್ತೆ ತ್ರಿಕೋನ ಪರೀಕ್ಷೆ. ಪಾಲಿಫಿನಾಲನ್ನು ಅದು ಹಿಡಿದಿಟ್ಟ ಮೇಲೆ ಬಾಯಿ ಒಣಗದಿದ್ದರೆ ಒಗರು ಹೊಟ್ಟಿನದ್ದು. ಆಗಲೂ ಒಣಗಿದರೆ ಹುರಿದ ಬಾರ್ಲಿಯ ಪ್ರಮಾಣವನ್ನೇ ಪ್ರಶ್ನಿಸಬೇಕು.