ಬುಡಗತ್ತಲೆ, ಏಳನೆಯ ಟಿಪ್ಪಣಿ: ಕಣ್ಣಿಗೊಂದು ನೆರಳು, ಕಾಲಿಗೊಂದು ನೆರಳು

ನಾನು ಕಟ್ಟುತ್ತಿರುವ ಬುಡಗತ್ತಲೆ ಎಂಬ ವಿಡಿಯೊ ಗೇಮಿನ ಮೊದಲ ಹತ್ತು ಹಂತಗಳು ಎರಡು ವಾರದಲ್ಲಿ ಮುಗಿಯುತ್ತವೆ ಎಂದು ಕಳೆದ ಟಿಪ್ಪಣಿಯಲ್ಲಿ ಬರೆದಿದ್ದೆ. ಆರು ವಾರ ಕಳೆದಿವೆ. ಮುಗಿದಿರುವುದು ನಾಲ್ಕು, ಅದರಲ್ಲೂ ಮೂರನೆಯದನ್ನು ಕೆಡವಿ ಮತ್ತೆ ಕಟ್ಟಿದ್ದೇನೆ. ಆಫೀಸಿನ ಕೆಲಸದ ಮೇಲೆ ತಪ್ಪು ಹೊರಿಸಬಹುದಿತ್ತು. ಆದರೆ ಇಷ್ಟು ದಿನ ನನ್ನನ್ನು ಕಾಡಿದ್ದು ನೆರಳು.

ಹಿಂದಿನ ಟಿಪ್ಪಣಿಗಳನ್ನು ಓದದವರಿಗಾಗಿ ಆಟದ ನಿಯಮ ಹೇಳಿಬಿಡುತ್ತೇನೆ: ಕತ್ತಲು ಗಟ್ಟಿ, ಬೆಳಕು ಪೊಳ್ಳು. ಬೆಳಕು ಬೀಳದ ಜಾಗವೆಲ್ಲ ಬಂಡೆ. ಅದರ ಮೇಲೆ ನಡೆಯಬಹುದು, ಅದಕ್ಕೆ ತಲೆ ಬಡಿಸಿಕೊಳ್ಳಬಹುದು, ಒಳಗೆ ನುಗ್ಗಲಾಗದು. ಆಡುವವರು ನಡೆಸುವ ಹುಡುಗಿ ದೀಪ ಹಿಡಿದು ಹೊರಟರೆ ಬೆಳಕೇ ಸುರಂಗ ಕೊರೆಯುತ್ತದೆ. ಕಂಬವೊಂದು ಅಡ್ಡ ಬಂದರೆ ಅದರ ನೆರಳು ಸೇತುವೆಯಾಗುತ್ತದೆ. 2012ರಲ್ಲಿ ಬಂದ ಕ್ಲೋಷರ್ ಎಂಬ ಆಟದಲ್ಲಿ ನಿಯಮ ಇದಕ್ಕೆ ತಿರುಗುಮುರುಗು. ಅಲ್ಲಿ ಬೆಳಕು ಬಿದ್ದದ್ದಷ್ಟೇ ಇರುತ್ತದೆ, ಕತ್ತಲಲ್ಲಿ ನೆಲವೇ ಇರುವುದಿಲ್ಲ. ಅದನ್ನು ಆಡುವಾಗಲೇ ಇದನ್ನು ಮಗುಚಿ ಹಾಕಿದರೆ ಏನಾಗಬಹುದು ಎಂಬ ಹುಳ ತಲೆ ಹೊಕ್ಕಿದ್ದು. ಹೆಸರು ಮಾತ್ರ ಗಾದೆಯಿಂದ ಬಂದದ್ದು. ದೀಪದ ಬುಡದಲ್ಲಿ ಕತ್ತಲು ಎನ್ನುತ್ತೇವಲ್ಲ, ಆಟದಲ್ಲಿ ಅದು ಅಕ್ಷರಶಃ ನಿಜ. ಕೊಕ್ಕೆಗೆ ತೂಗುಹಾಕಿದ ದೀಪದ ಬುಡದಿಂದ ಕೆಳಕ್ಕೆ ಹಿಗ್ಗುತ್ತ ಹೋಗುವ ಕತ್ತಲಿನ ಬೆಣೆಯೊಂದು ನಿಲ್ಲುತ್ತದೆ. ಮೊದಲ ಹಂತ ಪೂರ್ತಿ ಆ ಬೆಣೆಯದ್ದೇ.

ನಾನು ಬಳಸುತ್ತಿರುವುದು ಗೋಡೋ ಎಂಜಿನ್ ಎಂಬ, ಆಟ ಕಟ್ಟುವ ತಂತ್ರಾಂಶ. ಅದರಲ್ಲಿ ದೀಪ, ನೆರಳು ಎಲ್ಲ ಸಿದ್ಧವಾಗಿಯೇ ಸಿಗುತ್ತವೆ. ಆದರೆ ಆ ನೆರಳು ಬರಿಯ ಚಿತ್ರ. ಗ್ರಾಫಿಕ್ಸ್ ಕಾರ್ಡ್ ಅದನ್ನು ಬಿಡಿಸಿ ಕೈತೊಳೆದುಕೊಳ್ಳುತ್ತದೆ. ನೆರಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬ ಲೆಕ್ಕ, ಢಿಕ್ಕಿಗಳನ್ನು ನೋಡಿಕೊಳ್ಳುವ ಭಾಗಕ್ಕೆ ತಲುಪುವುದೇ ಇಲ್ಲ. ಹಾಗಾಗಿ ಕಾಲಿಗೆ ತಾಗುವ ನೆರಳನ್ನು ನಾನೇ ಕಟ್ಟಬೇಕಾಯಿತು. ವಿಧಾನ ಹಳೆಯದು, ಪರಿಚಿತವಾದದ್ದು. ದೀಪದಿಂದ ಪ್ರತಿಯೊಂದು ಮೂಲೆಯ ಕಡೆಗೆ ಒಂದು ಕಿರಣ, ಅದರ ಎಡಕ್ಕೊಂದು, ಬಲಕ್ಕೊಂದು ಕೂದಲೆಳೆಯ ಅಂತರದಲ್ಲಿ ಇನ್ನೆರಡು ಕಿರಣ ಬಿಡುವುದು. ಎಲ್ಲಿ ತಾಗಿದವೋ ಆ ಬಿಂದುಗಳನ್ನು ಕೋನದ ಕ್ರಮದಲ್ಲಿ ಜೋಡಿಸುವುದು. ಬರುವ ಬಹುಭುಜಾಕೃತಿಯ ಒಳಗಿರುವುದು ಬೆಳಕು, ಹೊರಗಿರುವುದು ಬಂಡೆ. ಹಂತವನ್ನು ಕಟ್ಟಿರುವ ಚೌಕ ತುಂಡುಗಳು, ಅಂದರೆ ಟೈಲ್‌ಗಳು, ನಲವತ್ತಿದ್ದರೆ, ಟೈಲಿಗೆ ನಾಲ್ಕು ಮೂಲೆ, ಮೂಲೆಗೆ ಮೂರು ಕಿರಣದಂತೆ 480 ಕಿರಣಗಳು, ಒಂದೇ ದೀಪಕ್ಕೆ. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಮೇಲೆ 60 ಚಿತ್ರ, ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಹದಿನಾರೂ ಚಿಲ್ಲರೆ ಮಿಲಿಸೆಕೆಂಡು. ಅಂಟಿಕೊಂಡ ಟೈಲ್‌ಗಳನ್ನು ಸೇರಿಸಿ ಒಂದೇ ಅಂಚು ಮಾಡಿದ ಮೇಲೆ ಕಿರಣಗಳು ಕಾಲು ಭಾಗಕ್ಕಿಂತ ಕೆಳಗಿಳಿದವು, ಆಟ ಉಸಿರಾಡತೊಡಗಿತು. ಈ ಭಾಗ ಒಂದು ಶನಿವಾರದಲ್ಲಿ ಮುಗಿಯಿತು, ಅದರಿಂದಲೇ ನನಗೆ ಅತಿ ವಿಶ್ವಾಸ ಬಂದದ್ದು.

ಮೊದಲ ಪೆಟ್ಟು ಹುಡುಗಿಯ ಸ್ವಂತ ನೆರಳಿನಿಂದ. ಕಂಬಕ್ಕೆ ನೆರಳಿದ್ದರೆ ಅವಳಿಗೂ ಇರಬೇಕಲ್ಲ ಎಂದು ಇಟ್ಟೆ. ನಿಯಮದ ಪ್ರಕಾರ ಆ ನೆರಳೂ ಬಂಡೆಯೇ. ದೀಪದ ಪಕ್ಕ ನಿಂತ ಕೂಡಲೇ ಅವಳ ಬೆನ್ನಿಗೆ ಪರದೆಯ ಅಂಚಿನವರೆಗೆ ಚಾಚಿದ ಬಂಡೆಯೊಂದು ಅಂಟಿಕೊಂಡು, ಹಿಂದಕ್ಕೆ ಒಂದು ಹೆಜ್ಜೆಯೂ ಇಡಲಾಗದೆ ನಡುಗುತ್ತ ನಿಂತಳು. ಅಳಿಸಿಬಿಟ್ಟೆ. ಈಗ ಅವಳಿಗೆ ನೆರಳಿಲ್ಲ. ಆಟವನ್ನು ಮೊದಲು ಆಡಿ ನೋಡುವ ನನ್ನ ತಂಗಿ ಇದನ್ನು ಗಮನಿಸಿ, "ಅಣ್ಣಾ, ಇವಳು ದೆವ್ವವೇ?" ಎಂದು ಕೇಳಿದಳು. ಇರಲಿಕ್ಕಿಲ್ಲ ಎಂದೆ. ಆದರೆ ಆ ಪ್ರಶ್ನೆಯನ್ನು ಆಟದ ಕತೆಗೆಂದು ಇಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಎರಡನೆಯ ಪೆಟ್ಟು ಎರಡು ವಾರ ತಿಂದಿತು. ದೀಪ ಚಲಿಸಿದಾಗ ನೆರಳಿನ ಅಂಚು ಎಷ್ಟು ವೇಗವಾಗಿ ಓಡುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನೆರಳಿನ ಅಂಚು ಬಾಗಿಲಿನ ಹಾಗೆ: ಕಲ್ಲಿನ ಮೂಲೆ ಅದರ ತಿರುಗಣಿ. ತಿರುಗಣಿಯ ಹತ್ತಿರ ಬಾಗಿಲು ಅಲುಗಿದ್ದೇ ತಿಳಿಯುವುದಿಲ್ಲ, ದೂರದ ಅಂಚು ಮಾತ್ರ ಬೀಸಿ ಬಂದು ಬಡಿಯುತ್ತದೆ. ಲೆಕ್ಕ ಸಮರೂಪ ತ್ರಿಕೋನಗಳದ್ದು. ದೀಪ ಕಲ್ಲಿನ ಮೂಲೆಯಿಂದ 8 ಪಿಕ್ಸೆಲ್ ಮೇಲೆ ಇದೆ, ಹುಡುಗಿ ಮೂಲೆಯಿಂದ 160 ಪಿಕ್ಸೆಲ್ ಕೆಳಗೆ ನಿಂತಿದ್ದಾಳೆ ಎನ್ನಿ. ಅವಳ ಮಟ್ಟದಲ್ಲಿ ಅಂಚಿನ ವೇಗ ದೀಪದ ವೇಗದ 20 ಪಟ್ಟು. ದೀಪ ಸೆಕೆಂಡಿಗೆ 60 ಪಿಕ್ಸೆಲ್ ಸಾಗಿದರೆ ಅಂಚು 1200 ಪಿಕ್ಸೆಲ್ ಸಾಗುತ್ತದೆ, ಅಂದರೆ ಪ್ರತಿ ಫ್ರೇಮಿಗೆ 20. ಹುಡುಗಿಯ ಅಗಲ 12 ಪಿಕ್ಸೆಲ್. ಒಂದು ಫ್ರೇಮಿನಲ್ಲಿ ಅವಳು ಬೆಳಕಿನಲ್ಲಿದ್ದಾಳೆ, ಮುಂದಿನ ಫ್ರೇಮಿನಲ್ಲಿ ಬಂಡೆಯ ಹೊಟ್ಟೆಯಲ್ಲಿದ್ದಾಳೆ. ನಡುವೆ ಅವಳನ್ನು ತಳ್ಳಲು ಅಂಚಿಗೆ ಅವಕಾಶವೇ ಸಿಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ: ಒಂದು ಫ್ರೇಮನ್ನು ನಾಲ್ಕು ತುಂಡು ಮಾಡಿ, ತುಂಡಿಗೊಮ್ಮೆ ನೆರಳನ್ನು ಲೆಕ್ಕ ಹಾಕುವುದು. ಕೆಲಸವೇನೋ ಮಾಡಿತು, ಆದರೆ ಉಳಿಸಿದ್ದ ಸಮಯವನ್ನೆಲ್ಲ ನುಂಗಿತು. ಆಮೇಲೆ ಹೊಳೆದದ್ದು, 20 ಪಟ್ಟು ಎಂಬುದು ಬಂದಿರುವುದೇ ದೀಪ ಕಲ್ಲಿಗೆ ಅಷ್ಟು ಹತ್ತಿರ ಹೋಗಲು ಬಿಟ್ಟದ್ದರಿಂದ. ದೀಪದ ಸುತ್ತ ತಂತಿಯ ಬುಟ್ಟಿಯೊಂದನ್ನು ಹೆಣೆದೆ. ಈಗ ಯಾವ ಕಲ್ಲೂ ಬತ್ತಿಗೆ 24 ಪಿಕ್ಸೆಲ್‌ಗಿಂತ ಹತ್ತಿರ ಬರಲಾರದು. ಅದೇ ಜಾಗದಲ್ಲಿ ಅಂಚು ಈಗ ಫ್ರೇಮಿಗೆ ಏಳು ಪಿಕ್ಸೆಲ್‌ಗಿಂತ ಕಡಿಮೆ ಸಾಗುತ್ತದೆ, ಹುಡುಗಿ ಅಂಚಿಗೆ ಸಿಗುತ್ತಾಳೆ, ಪಕ್ಕಕ್ಕೆ ಸರಿಯುತ್ತಾಳೆ. ಎರಡು ವಾರ ಕೋಡಿನಲ್ಲಿ ಹುಡುಕಿದ ಪರಿಹಾರ ಚಿತ್ರ ಬಿಡಿಸುವಾಗ ಸಿಕ್ಕಿತು. ಬುಟ್ಟಿ ನೋಡಲಿಕ್ಕೂ ಚೆನ್ನಾಗಿದೆ. ಅದು ಯಾಕಿದೆ ಎಂದು ಆಡುವವರು ಯಾರೂ ಕೇಳುವುದಿಲ್ಲ.

ಇನ್ನು ನಾನು ಅತ್ಯಂತ ಪ್ರೀತಿಯಿಂದ ಮಾಡಿ, ಅತ್ಯಂತ ಬೇಸರದಿಂದ ಕಿತ್ತುಹಾಕಿದ ವಿಷಯಕ್ಕೆ ಬರುತ್ತೇನೆ. ನಿಜವಾದ ದೀಪ ಬಿಂದುವಲ್ಲ, ಅದಕ್ಕೆ ಗಾತ್ರವಿದೆ. ಅದರಿಂದಲೇ ನಿಜವಾದ ನೆರಳಿಗೆ ಮಸುಕಾದ ಅಂಚಿರುತ್ತದೆ. ವಸ್ತುವಿನಿಂದ ದೂರ ಹೋದಷ್ಟೂ ಆ ಅರೆನೆರಳು ಅಗಲವಾಗುತ್ತದೆ. ಇದನ್ನು ಶೇಡರಿನಲ್ಲಿ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ಬರೆಯುವ ಕೋಡಿನಲ್ಲಿ, ತರಲು ಹತ್ತು ರಾತ್ರಿ ಕುಳಿತಿದ್ದೆ. ಬಂದ ಮೇಲೆ ಆಟ ಒಂದು ಚಿತ್ರಪಟದಂತೆ ಕಾಣುತ್ತಿತ್ತು, ಒಂದು ಸಂಜೆ ಪೂರ್ತಿ ದೀಪವನ್ನು ಅತ್ತಿತ್ತ ಆಡಿಸುತ್ತ ಕುಳಿತದ್ದೂ ಉಂಟು. ಮರುದಿನ ತಂಗಿಗೆ ಕೊಟ್ಟೆ. ಎರಡನೆಯ ಹಂತದಲ್ಲಿ ನೆರಳಿನ ಸೇತುವೆಯ ತುದಿಯಿಂದ ಏಳು ಸಲ ಬಿದ್ದಳು. ಎಂಟನೆಯ ಸಲ ಕಂಟ್ರೋಲರನ್ನು ಮೇಜಿನ ಮೇಲಿಟ್ಟು, "ಇಲ್ಲಿ ನೆಲ ಎಲ್ಲಿ ಮುಗಿಯಿತು ಎಂದು ನನಗೆ ಹೇಗೆ ಗೊತ್ತಾಗಬೇಕು, ಅಣ್ಣಾ?" ಎಂದಳು.

ಉತ್ತರವಿರಲಿಲ್ಲ. ಢಿಕ್ಕಿಯ ಗೆರೆ ಇದ್ದದ್ದು ಆ ಮಸುಕಿನ ನಟ್ಟನಡುವೆ ಎಲ್ಲೋ. ಕಣ್ಣಿಗೆ ನೆಲ ಕಾಣುತ್ತಿದ್ದಲ್ಲಿ ಕಾಲಿಗೆ ಸಿಗುತ್ತಿದ್ದದ್ದು ಗಾಳಿ. ಆಟದಲ್ಲಿ ಎರಡು ನೆರಳುಗಳಿದ್ದವು, ನಾನು ಬಿಡಿಸಿದ್ದೊಂದು, ಲೆಕ್ಕ ಹಾಕಿದ್ದೊಂದು, ಮತ್ತು ಅವುಗಳ ನಡುವಿನ ಸಂದಿಯಲ್ಲಿ ತಂಗಿ ಬೀಳುತ್ತಿದ್ದಳು. ಅರೆನೆರಳನ್ನು ಆ ರಾತ್ರಿಯೇ ಕಿತ್ತೆ. ಈಗ ಒಂದೇ ಬಹುಭುಜಾಕೃತಿ. ಚಿತ್ರಕ್ಕೂ ಅದೇ, ಢಿಕ್ಕಿಗೂ ಅದೇ. ಎಂಜಿನ್ ಬಿಡಿಸುವ ನೆರಳನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದೇನೆ. ಕತ್ತಲಿನ ಅಂಚಿಗೆ ಒಂದು ಪಿಕ್ಸೆಲ್ ದಪ್ಪದ ತಿಳಿ ಗೆರೆ ಎಳೆದಿದ್ದೇನೆ. ಅದು ಕಂಡಲ್ಲಿ ಕಾಲಿಡಬಹುದು, ಮೋಸವಿಲ್ಲ.

ಈ ಒಂದು ನಿರ್ಧಾರ ಆಮೇಲೆ ಉಳಿದ ಹಲವನ್ನು ತಾನಾಗಿಯೇ ತೀರ್ಮಾನಿಸಿತು. ಎರಡು ದೀಪಗಳಿದ್ದಾಗ ಅವುಗಳ ಬೆಳಕಿನ ಆಕೃತಿಗಳನ್ನು ಒಂದಾಗಿಸಬೇಕು. ಎರಡೂ ತಲುಪದ ಜಾಗವಷ್ಟೇ ಬಂಡೆ. ಹಾಗೆ ಕೂಡಿಸುವಾಗ ನಡುವೆ ಸೂಜಿಯಂಥ ಕತ್ತಲಿನ ಚೂರುಗಳು ಉಳಿಯುತ್ತಿದ್ದವು, ಹುಡುಗಿ ಬಯಲಲ್ಲಿ ನಡೆಯುತ್ತ ಕಾಣದ ಮುಳ್ಳಿಗೆ ಎಡವುತ್ತಿದ್ದಳು. 30 ಚದರ ಪಿಕ್ಸೆಲ್‌ಗಿಂತ ಚಿಕ್ಕ ಚೂರುಗಳನ್ನು ಎಸೆಯುತ್ತೇನೆ. ಚಿತ್ರವೂ ಅದೇ ಆಕೃತಿಯಿಂದ ಬರುವುದರಿಂದ ಅವು ಪರದೆಯಿಂದಲೂ ಹೋದವು. ಬೆಳಕು ಮಂಕಾಗುತ್ತ ಹೋಗುವ ರೀತಿಯೂ ಹಾಗೆಯೇ. ಭೌತಶಾಸ್ತ್ರದ ಪ್ರಕಾರ ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕು. ಹಾಗೆ ಮಾಡಿದರೆ ದೀಪದ ಬಳಿ ಕಣ್ಣು ಕುಕ್ಕುವ ಬಿಳುಪು, ಸ್ವಲ್ಪ ದೂರದಲ್ಲೇ ಕೆಸರುಗಪ್ಪು, ಮತ್ತೆ ನೆಲ ಎಲ್ಲಿ ಶುರು ಎಂಬ ಅದೇ ಜಗಳ. ಈಗ ಬೆಳಕು ನೇರ ಗೆರೆಯಲ್ಲಿ ಇಳಿದು, ಮೂರನೆಯ ಒಂದು ಭಾಗ ಉಳಿದಿರುವಾಗಲೇ 144 ಪಿಕ್ಸೆಲ್ ದೂರದಲ್ಲಿ ಕತ್ತರಿಸಿದಂತೆ ನಿಲ್ಲುತ್ತದೆ. ಭೌತಶಾಸ್ತ್ರದ ಮೇಷ್ಟ್ರುಗಳು ಕ್ಷಮಿಸಬೇಕು.

ಕತ್ತಲಿನ ಬಣ್ಣವನ್ನೂ ಬದಲಿಸಿದೆ. ಮೊದಲು ಅಪ್ಪಟ ಕಪ್ಪಾಗಿತ್ತು. ನನ್ನ ಕೋಣೆಯಲ್ಲಿ, ರಾತ್ರಿ ದೀಪ ಆರಿಸಿಕೊಂಡು ನೋಡಿದರೆ ಸೊಗಸು. ಕಿಟಕಿಯ ಪಕ್ಕ ಹಗಲಲ್ಲಿ ಕುಳಿತರೆ ಪರದೆಯಲ್ಲಿ ಕಂಡದ್ದು ನನ್ನದೇ ಮುಖ. ಕತ್ತಲಿನಲ್ಲಿ ತುಂಬ ಹೊತ್ತು ಕೆಲಸ ಮಾಡಿದವನ ಕಣ್ಣು ಕತ್ತಲಿಗೆ ಒಗ್ಗಿರುತ್ತದೆ, ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಆಡಲು ಬಂದವರಿಗೆ ಅಷ್ಟು ತಾಳ್ಮೆ ಯಾಕಿರಬೇಕು? ಈಗ ಕತ್ತಲು ಗಾಢ ನೀಲಿ, ಅದರಲ್ಲಿ ಕಲ್ಲಿನ ರವೆ. ಒಂದೊಂದು ಮೂಲಬಣ್ಣಕ್ಕೆ ಎಂಟು ಬಿಟ್‌ಗಳಷ್ಟೇ ಇರುವ ಪರದೆಗೆ ಗಾಢ ಬಣ್ಣಗಳಲ್ಲಿ ಸಿಗುವ ಮೆಟ್ಟಿಲುಗಳು ಕಡಿಮೆ. ಆ ಕಾರಣಕ್ಕೆ ಬೆಳಕಿನ ಇಳಿಜಾರು ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ಚುಕ್ಕಿಗಳನ್ನು ಚೆಲ್ಲುವ ಡಿದರಿಂಗ್ ಹಾಕಿ ಮರೆಮಾಚಿದೆ. ಕಪ್ಪನ್ನು ಬಿಟ್ಟದ್ದರಿಂದ ಇನ್ನೊಂದು ಲಾಭ: 2010ರಲ್ಲಿ ಲಿಂಬೊ ಎಂಬ ಕಪ್ಪು ಬಿಳುಪಿನ ಆಟ ಬಂದಾಗಿನಿಂದ ಕಪ್ಪು ಆಕೃತಿಯಿರುವ ಯಾವ ಆಟದ ಚಿತ್ರ ತೋರಿಸಿದರೂ ಜನ ಮೊದಲು ಅದರ ಹೆಸರನ್ನೇ ಹೇಳುತ್ತಾರೆ. ಈಗ ಹೇಳುವುದು ಸ್ವಲ್ಪ ಕಡಿಮೆಯಾಗಿದೆ.

ಜಿಗಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂದಾಜಿನ ಮೇಲೆ ಅಂಕಿ ತಿರುಗಿಸುವುದನ್ನು ಬಿಟ್ಟು, ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ಮೊದಲೇ ತೀರ್ಮಾನಿಸಿ ಲೆಕ್ಕ ಹಾಕಿದೆ. ಎತ್ತರ 40 ಪಿಕ್ಸೆಲ್, ತುದಿ ಮುಟ್ಟಲು 0.4 ಸೆಕೆಂಡು, ಹಾಗಾದರೆ ಆರಂಭದ ವೇಗ ಸೆಕೆಂಡಿಗೆ 200 ಪಿಕ್ಸೆಲ್, ಗುರುತ್ವ 500. ಜೊತೆಗೆ ಕೊಯೋಟಿ ಟೈಮ್, ಅಂದರೆ ನೆಲ ತಪ್ಪಿದ ಮೇಲೂ ಒಂದು ಗಳಿಗೆ ಜಿಗಿಯಲು ಬಿಡುವ ಔದಾರ್ಯ, ಆರು ಫ್ರೇಮ್. ಓಡಾಡುವ ನೆರಳಿನ ಮೇಲೆ ನಡೆಯುವವಳಿಗೆ ಅದು ಬೇಕೇ ಬೇಕು. ಈ ಆರು ಫ್ರೇಮ್‌ಗಳೇ ಮುಂದೆ ಮೂರನೆಯ ಹಂತವನ್ನು ಕೆಡವಿದವು.

ಆದದ್ದು ಹೀಗೆ. ನಿಂತಲ್ಲೇ ಕತ್ತಲು ಬಂದು ಮುಚ್ಚಿದರೆ ಹುಡುಗಿಗೆ ಏನಾಗಬೇಕು? ಸಾಯಿಸಲು ಮನಸ್ಸಾಗಲಿಲ್ಲ. ಹಾಗಾಗಿ ಕತ್ತಲಲ್ಲಿ ಹುದುಗಿ ನಿದ್ದೆ ಹೋಗುತ್ತಾಳೆ, ಬೆಳಕು ಮರಳಿದಾಗ ಏಳುತ್ತಾಳೆ ಎಂದು ಇಟ್ಟೆ. ಮೂರನೆಯ ಹಂತದಲ್ಲಿ ಎತ್ತರದ ಗೋಡೆ, ಚಾವಣಿಯಲ್ಲಿ ಲೋಲಕದಂತೆ ತೂಗುವ ದೀಪ. ಕೆಳಗಿನ ಎರಡು ಕಲ್ಲುಗಳನ್ನು ಸರಿಯಾದ ಜಾಗಕ್ಕೆ ತಳ್ಳಿ, ಅವುಗಳ ನೆರಳಿನಲ್ಲಿ ಮೆಟ್ಟಿಲು ಮಾಡಿಕೊಂಡು ಹತ್ತಬೇಕು ಎಂಬುದು ನನ್ನ ಯೋಜನೆ. ತಂಗಿ ಕಲ್ಲುಗಳನ್ನು ಮುಟ್ಟಲೇ ಇಲ್ಲ. ದೀಪ ದೂರ ಸರಿಯುವ ಹೊತ್ತಿಗೆ ಜಿಗಿದಳು. ಜಿಗಿತದ ತುದಿಯಲ್ಲಿರುವಾಗ ಕತ್ತಲು ಮುಚ್ಚಿತು, ಹುಡುಗಿ ಗಾಳಿಯಲ್ಲೇ ಹುದುಗಿದಳು. ದೀಪ ಮರಳಿತು, ಎಚ್ಚರವಾಯಿತು, ಬೀಳುವ ಮೊದಲೇ ಮತ್ತೆ ಜಿಗಿದಳು. ಮತ್ತೆ ಕತ್ತಲು. ಹೀಗೆ ನಾಲ್ಕು ತೂಗಿಗೆ ಗೋಡೆಯ ನೆತ್ತಿಯಲ್ಲಿದ್ದಳು.

ಮೊದಲು ಬಗ್ ಎಂದುಕೊಂಡೆ. ಕೋಡ್ ತೆರೆದು ನೋಡಿದರೆ ಎಲ್ಲವೂ ನಾನು ಬರೆದ ಹಾಗೆಯೇ ಇದೆ. ಕತ್ತಲು ನೆಲ, ಹುದುಗಿದವಳು ನೆಲಕ್ಕೆ ತಾಗಿದ್ದಾಳೆ, ಕತ್ತಲು ಕರಗಿದಾಗ ಅವಳ ನೆಲ ತಪ್ಪುತ್ತದೆ, ನೆಲ ತಪ್ಪಿದವಳಿಗೆ ಆರು ಫ್ರೇಮ್ ಔದಾರ್ಯ ಉಂಟು. ನನ್ನ ನಿಯಮವನ್ನು ನನಗಿಂತ ಚೆನ್ನಾಗಿ ತಂಗಿ ಓದಿದ್ದಳು. ಆ ದಾರಿಯನ್ನು ಮುಚ್ಚಿಹಾಕುವುದು ಒಂದು ಸಾಲು ಕೋಡಿನ ಕೆಲಸ, ಆ ಸಾಲನ್ನು ಬರೆದೂ ಆಗಿತ್ತು. ಆಡಿ ನೋಡಿದೆ, ಸಪ್ಪೆ ಎನಿಸಿತು. ಕಲ್ಲು ತಳ್ಳುವ ನನ್ನ ಒಗಟಿಗಿಂತ ಕತ್ತಲನ್ನು ಹಿಡಿದು ಹತ್ತುವ ಅವಳ ಉಪಾಯವೇ ಮೇಲು. ಸಾಲನ್ನು ಅಳಿಸಿ, ಮೂರನೆಯ ಹಂತವನ್ನು ಆ ಉಪಾಯ ಕಲಿಸುವುದಕ್ಕೆಂದೇ ಕಟ್ಟಿದೆ. ಗೋಡೆ ಚಿಕ್ಕದು, ದೀಪ ನಿಧಾನ, ಹುಡುಗಿ ನಿಂತ ಜಾಗವೂ ಅಲ್ಲಿಂದ ಜಿಗಿದರೆ ಕತ್ತಲಲ್ಲಿ ಹುದುಗುವಂಥದ್ದು. ಎದ್ದ ಕ್ಷಣ ಕಾಣಲೆಂದು ಅವಳು ಕಣ್ಣು ತೆರೆಯುವ ಎರಡು ಚಿತ್ರಗಳನ್ನು ಬಿಡಿಸಿದೆ, ಹುದುಗಿ ಎದ್ದವಳಿಗೆ ಮಾತ್ರ ಆರರ ಬದಲು ಒಂಬತ್ತು ಫ್ರೇಮ್ ಕೊಟ್ಟೆ. ಮೊದಲು ಬರೆದಿಟ್ಟಿದ್ದ ಆರರಿಂದ ಹತ್ತರವರೆಗಿನ ಹಂತಗಳಲ್ಲಿ ಮೂರು ಈ ಉಪಾಯದ ಮುಂದೆ ನಿಲ್ಲುವುದಿಲ್ಲ, ಎಲ್ಲ ಗೋಡೆಗಳನ್ನೂ ಹಾರಿಬಿಡಬಹುದು. ಅವನ್ನು ಬೇರೆ ಕಡತಕ್ಕೆ ಎತ್ತಿಟ್ಟಿದ್ದೇನೆ.

ಸದ್ದಿನ ಕೆಲಸ ಏನೂ ಆಗಿಲ್ಲ. ಈಗಿರುವುದು ನಾನು ಮೇಜಿಗೆ ಬೆರಳು ಬಡಿದು ಮೊಬೈಲಿನಲ್ಲಿ ಹಿಡಿದ ಹೆಜ್ಜೆಸದ್ದು, ಅದೂ ಒಂದೇ.

ಈ ವಾರ ಕೈಯಲ್ಲಿರುವುದು ಐದನೆಯ ಹಂತ. ಎರಡು ತೂಗುದೀಪಗಳು, ಹಗ್ಗಗಳ ಉದ್ದ ಬೇರೆಬೇರೆ, ಆದ್ದರಿಂದ ತೂಗುವ ಕಾಲವೂ ಬೇರೆ. ಹಗ್ಗ ನಾಲ್ಕು ಪಟ್ಟು ಉದ್ದವಾದರೆ ತೂಗಿನ ಕಾಲ ಎರಡು ಪಟ್ಟಾಗುತ್ತದೆ. ಹಾಗಾಗಿ ಉದ್ದಗಳನ್ನು ಒಂದಕ್ಕೆ ನಾಲ್ಕರಂತೆ ಇಟ್ಟಿದ್ದೇನೆ. ಚಿಕ್ಕದು ಎರಡು ಸಲ ತೂಗುವಷ್ಟರಲ್ಲಿ ದೊಡ್ಡದು ಒಂದು ಸಲ ತೂಗುತ್ತದೆ, ಎರಡೂ ಒಟ್ಟಿಗೆ ದೂರ ಸರಿದ ಗಳಿಗೆಯಲ್ಲಷ್ಟೇ ನಡುವಿನ ಬಾವಿಯಲ್ಲಿ ಕತ್ತಲು ಕೂಡುತ್ತದೆ. ನನಗೆ ಈವರೆಗೆ ಎರಡೇ ಸಲ ದಾಟಲು ಆಗಿದೆ, ಒಂದು ಸಲ ಹೇಗೆ ದಾಟಿದೆನೆಂದು ಗೊತ್ತಿಲ್ಲ. ಭಾನುವಾರ ತಂಗಿ ಬರುತ್ತಾಳೆ. ಅಷ್ಟರೊಳಗೆ ಬಾವಿಯ ಎಡಗೋಡೆಯನ್ನು ಎರಡು ಟೈಲ್ ಎತ್ತರಿಸಬೇಕು.